ಎದೆನೋವಿಗೆ ಮೊದಲ ಇಸಿಜಿ ಎಷ್ಟು ಹೊತ್ತಿಗೆ? ಕೋಲಾರ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಹಾಗೂ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಕೋಲಾರ

ಮಾನ್ಯರೇ,

ಸೆಪ್ಟೆಂಬರ್ 29 ವಿಶ್ವ ಹೃದಯ ದಿನ. ಅಂದು ಏನೇನು ನಡೆಯುತ್ತದೆಂದು ತಮಗೂ ಗೊತ್ತು, ನಮಗೂ ಗೊತ್ತು. ನರ್ಸಿಂಗ್ ವಿದ್ಯಾರ್ಥಿಗಳ ಜಾಥಾ, ಬ್ಯಾನರು, ದೀಪ ಬೆಳಗುವುದು, ಒಂದು ಉಚಿತ ತಪಾಸಣಾ ಶಿಬಿರ, ಮಾರನೆಯ ದಿನದ ಪೇಪರಿನಲ್ಲಿ ಫೋಟೊ. ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಅದೇ ದುಡ್ಡನ್ನು, ಅದೇ ಓಡಾಟವನ್ನು ಒಂದೇ ಒಂದು ಕೆಲಸಕ್ಕೆ ಹಾಕಿ ಎಂದು ಕೇಳಲು ಈ ಪತ್ರ. ಎದೆನೋವೆಂದು ಬಂದವರು ಯಾರೇ ಆಗಿರಲಿ, ಹಗಲಾಗಲಿ ನಡುರಾತ್ರಿಯಾಗಲಿ, ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಯಾವುದೇ ಸರ್ಕಾರಿ ಆಸ್ಪತ್ರೆಯ ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಅವರಿಗೆ ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಪರೀಕ್ಷೆ, ಆಗಬೇಕು. ಆದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಬೇಕು.

ಹತ್ತು ನಿಮಿಷ ಎಂಬುದು ನಾವು ಹುಟ್ಟಿಸಿದ್ದಲ್ಲ, ಜಗತ್ತಿನ ಪ್ರಮುಖ ಹೃದ್ರೋಗ ಮಾರ್ಗಸೂಚಿಗಳಲ್ಲಿ ಇರುವ ಗಡುವು. ಹೃದಯಕ್ಕೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೂಡಿಕೊಂಡ ಕೊಬ್ಬಿನ ಪದರ ಒಂದು ದಿನ ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಪೂರ್ತಿ ಮುಚ್ಚಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಹೃದಯದ ಸ್ನಾಯು ಸಾಯತೊಡಗುತ್ತದೆ, ಆರರಿಂದ ಹನ್ನೆರಡು ಗಂಟೆಯೊಳಗೆ ಸಾಯುವುದರಲ್ಲಿ ಬಹುಪಾಲು ಸತ್ತೇಹೋಗಿರುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಬದುಕಿ ಉಳಿದವರಲ್ಲೂ ಎಷ್ಟೋ ಮಂದಿ ಮುಂದೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಂತಾಗುವುದು ಈ ಕಾರಣಕ್ಕೆ.

ಮುಚ್ಚಿದ ನಾಳ ತೆರೆಯಲು ಎರಡು ದಾರಿ. ನಾಳದೊಳಗೆ ಬಲೂನು ತೂರಿಸಿ ತೆರೆಯುವ ಆಂಜಿಯೋಪ್ಲಾಸ್ಟಿ ಒಂದು, ಹೆಪ್ಪು ಕರಗಿಸುವ ಇಂಜೆಕ್ಷನ್ ಇನ್ನೊಂದು. ಇಸಿಜಿಯಲ್ಲಿ ಹೃದಯಾಘಾತ ಕಂಡ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಮೇಲು. ಆಗದಿದ್ದರೆ ಇಂಜೆಕ್ಷನ್ ಮೊದಲು, ಬೆಂಗಳೂರು ಆಮೇಲೆ. ಶ್ರೀನಿವಾಸಪುರ ತಾಲ್ಲೂಕಿನ ಒಳಹಳ್ಳಿಯಿಂದ ಒಮ್ಮೆ ಲೆಕ್ಕ ಹಾಕಿ ನೋಡಿ. ಹಳ್ಳಿಗೆ ಆಂಬುಲೆನ್ಸ್ ಬರಬೇಕು, ತಾಲ್ಲೂಕು ಆಸ್ಪತ್ರೆ ಮುಟ್ಟಿ ಇಸಿಜಿ ಆಗಬೇಕು. 120 ನಿಮಿಷದ ಎಣಿಕೆ ಶುರುವಾಗುವುದೇ ಆಗ. ಅಲ್ಲಿಂದ ಕೋಲಾರ, ಕೋಲಾರದಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 70 ಕಿಲೋಮೀಟರ್, ಹೊಸಕೋಟೆ ದಾಟಿದ ಮೇಲೆ ಕೆ.ಆರ್. ಪುರದ ಟ್ರಾಫಿಕ್, ಆಸ್ಪತ್ರೆಯಲ್ಲಿ ದಾಖಲಾತಿ, ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಯಾದ ಕ್ಯಾಥ್‌ಲ್ಯಾಬ್ ಸಜ್ಜಾಗುವುದು. 120 ನಿಮಿಷ ದಾರಿಯಲ್ಲೇ ಮುಗಿದಿರುತ್ತದೆ. ಹತ್ತಿರದಲ್ಲೇ ಕ್ಯಾಥ್‌ಲ್ಯಾಬ್ ಇದ್ದು ತಂಡವೂ ಸಿದ್ಧವಿರುವವರ ಮಾತು ಬೇರೆ. ಉಳಿದವರಿಗೆ ‘ಮೊದಲು ಬೆಂಗಳೂರಿಗೆ ಕರ್ಕೊಂಡೋಗಿ’ ಎಂದು ಚೀಟಿ ಬರೆದುಕೊಡುವುದು ಚಿಕಿತ್ಸೆಯನ್ನು ಮುಂದೂಡಿದಂತೆ.

ಇದಕ್ಕೆಂದೇ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕೇಂದ್ರದ ತಜ್ಞರು ಕೂತಲ್ಲೇ ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಯೋಜನೆ ಚೆನ್ನಾಗಿದೆ. ಆದರೆ ರೋಗಿ ಹೊತ್ತಿಗೆ ಸರಿಯಾಗಿ ಬಂದರಷ್ಟೇ, ಬಂದ ಮೇಲೆ ಇಸಿಜಿ ಕೂಡಲೇ ಆದರಷ್ಟೇ ಅದು ಕೆಲಸಕ್ಕೆ ಬರುತ್ತದೆ. ಕೆಡುವುದು ಈ ಎರಡು ಕಡೆ.

ಮೊದಲನೆಯದು ಮನೆಯಲ್ಲೇ ಕೆಡುತ್ತದೆ. ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಬೆಳಗಿನ ಜಾವ ಕ್ರೇಟು ಎತ್ತುವಾಗ ಎದೆಯ ನಡುವೆ ಒತ್ತಿ ಹಿಡಿದಂತಾಗುತ್ತದೆ, ಬೆವರು ಕಿತ್ತುಕೊಳ್ಳುತ್ತದೆ. ಪಕ್ಕದವರು ಸೋಡಾ ಕುಡಿಸುತ್ತಾರೆ, ಇನ್ನೊಬ್ಬರು ಈನೋ ತರುತ್ತಾರೆ, ಮೆಡಿಕಲ್ ಸ್ಟೋರಿನಿಂದ ಗ್ಯಾಸ್ ಮಾತ್ರೆ ಬರುತ್ತದೆ. ತೇಗು ಬಂದರೆ ‘ನೋಡು, ಗ್ಯಾಸೇ’ ಎಂದು ತೀರ್ಮಾನವೂ ಆಗುತ್ತದೆ. ತೇಗು ಬಂದ ಮಾತ್ರಕ್ಕೆ, ಮಾತ್ರೆಗೆ ಕೊಂಚ ಹಗುರಾದ ಮಾತ್ರಕ್ಕೆ ಹೃದಯಾಘಾತವಲ್ಲ ಎಂದು ಹೇಳಲು ಬರುವುದಿಲ್ಲ. ಹೃದಯದ ಕೆಳಭಾಗದ ನಾಳ ಮುಚ್ಚಿದಾಗ ಹೊಟ್ಟೆ ತೊಳೆಸುವುದು, ವಾಂತಿ, ಮೇಲ್ಹೊಟ್ಟೆ ನೋವೇ ಮುಂದಾಗಿ ಕಾಣುವುದುಂಟು.

ಜನರಿಗೆ ಹೇಳಬೇಕಾದ ಗುರುತು ಒಂದೇ ಸಾಕು. ಮೂವತ್ತು ದಾಟಿದವರಿಗೆ ದವಡೆಯಿಂದ ಹೊಕ್ಕುಳದವರೆಗೆ ಎಲ್ಲೇ ಆಗಲಿ, ಹಿಂದೆ ಇಲ್ಲದ ನೋವು, ಒತ್ತಡ, ಉರಿ, ಬಿಗಿತ ಕಾಣಿಸಿಕೊಂಡು ಹದಿನೈದು ನಿಮಿಷ ದಾಟಿದರೆ ಇಸಿಜಿ ಆಗಲೇಬೇಕು. ಜೊತೆಗೆ ತಣ್ಣನೆ ಬೆವರು, ಉಸಿರು ಕಟ್ಟುವುದು, ಎಡತೋಳಿಗೋ ಎರಡೂ ತೋಳಿಗೋ ಬೆನ್ನಿಗೋ ನೋವು ಹರಿಯುವುದು ಇದ್ದರೆ ಹದಿನೈದು ನಿಮಿಷವೂ ಕಾಯಬಾರದು. ಅದಕ್ಕೂ ಮುಂಚಿನ ಸೂಚನೆಯೊಂದಿದೆ: ನಡೆದರೆ, ದಿಣ್ಣೆ ಹತ್ತಿದರೆ ಎದೆ ಹಿಡಿದುಕೊಳ್ಳುವುದು, ನಿಂತರೆ ಐದು ನಿಮಿಷಕ್ಕೆ ಬಿಡುವುದು. ನಾಳ ಕಿರಿದಾಗಿದೆ ಎಂಬುದರ ಲಕ್ಷಣ ಅದು. ಆ ನೋವು ಮೊದಲಿಗಿಂತ ಕಡಿಮೆ ನಡಿಗೆಗೇ ಬರತೊಡಗಿದರೆ, ಇಲ್ಲವೆ ಕೂತಾಗಲೂ ಬಂದರೆ, ಅವತ್ತೇ ಆಸ್ಪತ್ರೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನರಗಳು ಮಂದವಾಗಿದ್ದರೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಿಬಿಡಬಹುದು. ಇದ್ದಕ್ಕಿದ್ದ ಹಾಗೆ ಸುಸ್ತು, ಏದುಸಿರು, ಬೆವರು ಅಷ್ಟೇ ಕಾಣುತ್ತದೆ, ಮನೆಯವರು ಶುಗರ್ ಇಳಿದಿದೆ ಎಂದುಕೊಂಡು ಸಕ್ಕರೆ ನೀರು ಕೊಡುತ್ತಾರೆ. ಹೆಂಗಸರಿಗೂ ಎದೆನೋವೇ ಸಾಮಾನ್ಯ ಲಕ್ಷಣ. ಆದರೆ ಬೆನ್ನು, ದವಡೆ, ವಾಕರಿಕೆ, ಆಯಾಸ ಅವರಲ್ಲಿ ಹೆಚ್ಚು. ಮನೆಕೆಲಸ ಮುಗಿಸಿ ಹೋದರಾಯಿತು ಎಂದು ತಡ ಮಾಡುವವರೂ ಅವರೇ, ಬಂದಾಗ ‘ಟೆನ್ಷನ್ ಮಾಡ್ಕೊಂಡಿದೀರಾ’ ಎಂದು ವಾಪಸು ಕಳಿಸಿಕೊಳ್ಳುವವರೂ ಅವರೇ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಕಡಿಮೆ. ಕೂರಿಸಿ, ನಡೆಸಬೇಡಿ. 108ಕ್ಕೆ ಫೋನ್ ಮಾಡಿ ‘ಎದೆನೋವು, ಬೆವರು’ ಎಂದೇ ಹೇಳಿ. ಆಂಬುಲೆನ್ಸ್ ತಡ ಎಂದರೆ ಕಾರು, ಆಟೊ ಯಾವುದಾದರೂ ಸರಿ, ರೋಗಿ ತಾನೇ ಬೈಕ್ ಹತ್ತುವುದು ಮಾತ್ರ ಬೇಡ. ಆಸ್ಪಿರಿನ್ ಅಲರ್ಜಿ, ರಕ್ತವಾಂತಿ, ಕರಿ ಮಲ, ಹಿಂದೆ ಮೆದುಳಿನ ರಕ್ತಸ್ರಾವ ಇವು ಯಾವುವೂ ಇಲ್ಲದಿದ್ದರೆ, ಪಾರ್ಶ್ವವಾಯುವಿನ ಲಕ್ಷಣವೂ ಇಲ್ಲದಿದ್ದರೆ, 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬೇಕು. ಮನೆಯಲ್ಲಿ 75 ಮಿಲಿಗ್ರಾಂ ಆಸ್ಪಿರಿನ್ ಇರುವ ಎಕೋಸ್ಪ್ರಿನ್ ಇದ್ದರೆ ನಾಲ್ಕು ಮಾತ್ರೆ. ಆ ಮಾತ್ರೆಗೆ ಹೊಟ್ಟೆಯಲ್ಲಿ ಕರಗದ ಹೊದಿಕೆ ಇರುವುದರಿಂದ ಹಾಗೇ ನುಂಗಿದರೆ ಕೆಲಸ ತಡವಾಗುತ್ತದೆ, ಅದಕ್ಕೇ ಅಗಿಯಬೇಕು. ನಾಳ ಹಿಗ್ಗಿಸಲು ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ವೈದ್ಯರು ಮೊದಲೇ ಬರೆದುಕೊಟ್ಟವರನ್ನು ಬಿಟ್ಟು ಬೇರೆಯವರು ತಾವಾಗಿ ಇಟ್ಟುಕೊಳ್ಳುವುದು ಅಪಾಯ. ಬಿ.ಪಿ. ಮೊದಲೇ ಇಳಿದಿದ್ದರೆ, ಹೃದಯದ ಬಲಭಾಗಕ್ಕೆ ಪೆಟ್ಟಾಗಿದ್ದರೆ, ವಯಾಗ್ರ ಬಗೆಯ ಮಾತ್ರೆ ತೆಗೆದುಕೊಂಡಿದ್ದರೆ ರೋಗಿ ಕೂತಲ್ಲೇ ಕುಸಿಯಬಹುದು. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಸಂದೇಶ ಸುಳ್ಳು, ಅದರಿಂದ ಹಾಳಾಗುವುದು ಸಮಯ.

ಎರಡನೆಯದು ಆಸ್ಪತ್ರೆಯೊಳಗೆ ಕೆಡುತ್ತದೆ. ಒಪಿಡಿ ಚೀಟಿಗೆ ಸಾಲು, ಆಮೇಲೆ ವೈದ್ಯರ ಮುಂದೆ ಸಾಲು, ವೈದ್ಯರು ಬರೆದ ಮೇಲೆ ಇಸಿಜಿ ಕೋಣೆಗೆ ಸಾಲು. ಸಂಜೆಯಾದ ಮೇಲೆ ಆ ಕೋಣೆಗೆ ಬೀಗ, ಬೀಗದ ಕೈ ಟೆಕ್ನೀಷಿಯನ್ ಬಳಿ. ಎದೆನೋವೆಂದವರಿಗೆ ಚೀಟಿ ಆಮೇಲೆ, ಇಸಿಜಿ ಮೊದಲು. ಅದಕ್ಕೆ ವೈದ್ಯರ ಅಪ್ಪಣೆಗೂ ಕಾಯಬೇಕಿಲ್ಲ, ಪಾಳಿಯಲ್ಲಿರುವ ಶುಶ್ರೂಷಾಧಿಕಾರಿಯೇ ತೆಗೆಯಬೇಕು. ಯಂತ್ರ ತುರ್ತು ಚಿಕಿತ್ಸಾ ಕೋಣೆಯ ಟ್ರಾಲಿಯ ಮೇಲಿರಬೇಕು, ಬೀರುವಿನೊಳಗಲ್ಲ.

ಯಂತ್ರ ಇದ್ದೂ ಕೆಲಸ ಕೆಡಿಸುವ ಸಣ್ಣಪುಟ್ಟ ಕಾರಣಗಳನ್ನು ಬಿಡಿಸಿ ಹೇಳುತ್ತೇವೆ, ತಪಾಸಣೆಗೆ ಬರುವ ಅಧಿಕಾರಿಗಳು ಇವನ್ನೇ ನೋಡಲಿ ಎಂದು. ಪೇಪರ್ ರೋಲ್ ಮುಗಿದಿರುತ್ತದೆ, ಬೇಕೆಂದು ಇಂಡೆಂಟ್ (ಬೇಡಿಕೆ ಪತ್ರ) ಮೇಲೆ ಇಂಡೆಂಟ್ ಹೋಗಿರುತ್ತದೆ. ಯಂತ್ರದೊಂದಿಗೆ ಎರಡು ರೋಲ್ ಹೆಚ್ಚುವರಿ ಯಾವಾಗಲೂ ಇರಬೇಕು. ಎದೆಗೆ ಅಂಟಿಸುವ ರಬ್ಬರ್ ಬುರುಡೆಗಳು ಬಿರುಕು ಬಿಟ್ಟು ಗಾಳಿ ಹಿಡಿಯುವುದಿಲ್ಲ. ಜೆಲ್ ಒಣಗಿರುತ್ತದೆ. ಎದೆಯ ಮೇಲೆ ಕೂದಲು ದಟ್ಟವಾಗಿದ್ದರೆ ಸಂಪರ್ಕ ಸಿಗುವುದಿಲ್ಲ, ಟ್ರೇನಲ್ಲಿ ರೇಜರ್ ಇರುವುದಿಲ್ಲ. ಬ್ಯಾಟರಿ ಸತ್ತಿದ್ದು, ಕರೆಂಟು ಹೋದ ಹೊತ್ತಿಗೇ ರೋಗಿ ಬಂದರೆ ಮುಗಿಯಿತು.

ಇನ್ನು ಲೀಡ್, ಅಂದರೆ ಯಂತ್ರದಿಂದ ಮೈಗೆ ಜೋಡಿಸುವ ವೈರ್‌ಗಳನ್ನು ಹಾಕುವುದು. ಎದೆಯ ಮೇಲಿನ ಆರಕ್ಕೆ ವಿ1ರಿಂದ ವಿ6 ಎಂದು ಹೆಸರು. ವಿ1 ಮತ್ತು ವಿ2 ನಾಲ್ಕನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ, ಎದೆಮೂಳೆಯ ಬಲಕ್ಕೊಂದು ಎಡಕ್ಕೊಂದು. ವಿ4 ಐದನೆಯ ಸಂದಿಯಲ್ಲಿ, ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ. ವಿ3 ವಿ2 ಮತ್ತು ವಿ4ರ ನಡುವೆ. ವಿ5, ವಿ6 ವಿ4ರ ಮಟ್ಟದಲ್ಲೇ ಕಂಕುಳ ಕಡೆಗೆ. ಅವಸರದಲ್ಲಿ ವಿ1, ವಿ2 ಒಂದೆರಡು ಸಂದಿ ಮೇಲೇರಿಬಿಡುತ್ತವೆ. ಆಗ ಇಲ್ಲದ ಹಳೆಯ ಹೃದಯಾಘಾತ ಕಾಣಿಸುತ್ತದೆ. ಎಡಗೈ ಬಲಗೈ ಲೀಡ್ ಅದಲುಬದಲಾದರೆ ಒಂದನೆಯ ಲೀಡ್ ಪೂರ್ತಿ ತಲೆಕೆಳಗಾಗಿ ಬರುತ್ತದೆ. ಹಾಗೆ ಬಂದಾಗ ಮೊದಲು ವೈರ್ ನೋಡಬೇಕು, ಆಮೇಲೆ ರೋಗಿಯನ್ನು. ಹೃದಯದ ಕೆಳಭಾಗವನ್ನು ತೋರಿಸುವ ಲೀಡ್ ಎರಡು, ಮೂರು, ಎವಿಎಫ್‌ನಲ್ಲಿ ಇಸಿಜಿ ಗೆರೆಯ ಎಸ್‌ಟಿ ಎಂಬ ಭಾಗ ಮೇಲೆದ್ದಿದ್ದರೆ (ನಾಳ ಮುಚ್ಚಿರುವ ಗುರುತು ಅದು) ಬಲ ಎದೆಯ ವಿ4ಆರ್ ಕೂಡ ತೆಗೆಯದೆ ಸಾರ್ಬಿಟ್ರೇಟ್ ಕೊಡಬಾರದು. ವಿ1ರಿಂದ ವಿ3ರವರೆಗೆ ಎಸ್‌ಟಿ ತಗ್ಗಿದ್ದರೆ ಬೆನ್ನಿನ ಕಡೆಯ ವಿ7, ವಿ8, ವಿ9 ತೆಗೆಯಬೇಕು, ಹಿಂಗೋಡೆಯ ಹೃದಯಾಘಾತ ಮುಂದಿನ ಲೀಡ್‌ಗಳಲ್ಲಿ ಬಚ್ಚಿಟ್ಟುಕೊಂಡಿರುತ್ತದೆ.

ಇಷ್ಟಾದರೂ ಮೊದಲ ಇಸಿಜಿ ಸರಿಯಾಗಿಯೇ ಬರಬಹುದು. ಜೀವಕ್ಕೆ ಎರವಾಗುವ ಮಾತು ಇಲ್ಲಿದೆ: ‘ಇಸಿಜಿ ನಾರ್ಮಲ್ ಇದೆ, ಮನೆಗೆ ಹೋಗಿ’. ನೋವು ಇನ್ನೂ ಇದ್ದರೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೊನಿನ್ ರಕ್ತಪರೀಕ್ಷೆಯ ಹಣೆಬರಹವೂ ಇದೇ. ಸ್ಥಳದಲ್ಲೇ ಮಾಡುವ ಕಾರ್ಡ್ ಟೆಸ್ಟ್‌ನಲ್ಲಿ ಮೊದಲ ಕೆಲವು ಗಂಟೆ ಅದು ನೆಗೆಟಿವ್ ಬರುವುದೇ ಹೆಚ್ಚು, ನೋವು ಶುರುವಾದ ಆರು ಗಂಟೆಯ ನಂತರ ಮತ್ತೊಮ್ಮೆ ಮಾಡದೆ ಏನೂ ಹೇಳಲಾಗದು. ಇಸಿಜಿಯಲ್ಲೇ ಎಸ್‌ಟಿ ಎದ್ದಿದ್ದರೆ ಟ್ರೊಪೊನಿನ್‌ಗೆ ಕಾಯುವುದೇ ತಪ್ಪು. ಥರ್ಮಲ್ ಪೇಪರಿನ ಇಸಿಜಿ ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ಮಾಸಿಹೋಗುತ್ತದೆ. ತೆಗೆದ ಕೂಡಲೇ ಹೆಸರು, ಹೊತ್ತು ಬರೆದು ಫೋಟೊ ತೆಗೆದು, ಒಂದು ಪ್ರತಿ ರೋಗಿಯ ಕೈಗೂ ಕೊಡಬೇಕು. ಮುಂದಿನ ಸಲ ಹೋಲಿಸಿ ನೋಡಲು ಅದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

ಇಂಜೆಕ್ಷನ್ ಬಗ್ಗೆ ಇರುವ ಹಿಂಜರಿಕೆಯನ್ನೂ ಹೇಳಬೇಕು. ಮೆದುಳಿನಲ್ಲಿ ರಕ್ತಸ್ರಾವವಾದರೆ ಯಾರು ಹೊಣೆ ಎಂಬ ಅಳುಕಿನಿಂದ ಕಿರಿಯ ವೈದ್ಯರು ಬೆಂಗಳೂರಿಗೆ ಬರೆದುಬಿಡುತ್ತಾರೆ. ಆ ಅಪಾಯ ನೂರಕ್ಕೆ ಒಬ್ಬರ ಆಸುಪಾಸಿನದು, ಸುಳ್ಳಲ್ಲ. ಅದನ್ನು ಕಡಿಮೆ ಮಾಡಲು ಪಟ್ಟಿ ಇದೆ. ಹಿಂದೆಂದಾದರೂ ಮೆದುಳಿನ ರಕ್ತಸ್ರಾವ, ಈಚಿನ ಪಾರ್ಶ್ವವಾಯು, ತಲೆಗೆ ಪೆಟ್ಟು, ದೊಡ್ಡ ಶಸ್ತ್ರಚಿಕಿತ್ಸೆ, ಈಗ ನಡೆಯುತ್ತಿರುವ ರಕ್ತಸ್ರಾವ, ಮಹಾಧಮನಿ ಸೀಳಿರುವ ಅನುಮಾನ, ಇಳಿಯದ ಬಿ.ಪಿ. ಇದ್ದರೆ ಕೊಡಬಾರದು. ಟೆನೆಕ್ಟೆಪ್ಲೇಸ್ ಪ್ರಮಾಣ ತೂಕದ ಮೇಲೆ: 60 ಕಿಲೋಗಿಂತ ಕಡಿಮೆಯಿದ್ದರೆ 30 ಮಿಲಿಗ್ರಾಂ, ಅಲ್ಲಿಂದ ಪ್ರತಿ ಹತ್ತು ಕಿಲೋಗೆ 5 ಮಿಲಿಗ್ರಾಂ ಏರುತ್ತಾ 90 ಮತ್ತು ಮೇಲ್ಪಟ್ಟವರಿಗೆ 50. ಐದರಿಂದ ಹತ್ತು ಸೆಕೆಂಡಿನಲ್ಲಿ ಒಂದೇ ಸಲ. 75 ವರ್ಷ ದಾಟಿದವರಿಗೆ ಅರ್ಧ ಪ್ರಮಾಣವೇ ಕ್ಷೇಮ. ತೂಕ ಅಂದಾಜು ಮಾಡುವ ಬದಲು ತುರ್ತು ಕೋಣೆಯಲ್ಲೊಂದು ತೂಕದ ಯಂತ್ರ ಇಡಿ, ಸಾವಿರ ರೂಪಾಯಿಯ ಮಾತು. ಡೆಕ್ಸ್‌ಟ್ರೋಸ್ ಓಡುತ್ತಿರುವ ಲೈನಿನಲ್ಲಿ ಈ ಔಷಧ ಹಾಕಿದರೆ ಅದು ಅಲ್ಲೇ ಗಟ್ಟಿಯಾಗುತ್ತದೆ, ಮೊದಲು ಸಲೈನ್‌ನಿಂದ ತೊಳೆಯಬೇಕು. ಬಂದ ಅರ್ಧ ಗಂಟೆಯೊಳಗೆ ಇಂಜೆಕ್ಷನ್ ಆಗಬೇಕು. ಕೊಟ್ಟ ಒಂದು, ಒಂದೂವರೆ ಗಂಟೆಗೆ ಮತ್ತೆ ಇಸಿಜಿ. ಎಸ್‌ಟಿ ಅರ್ಧಕ್ಕೂ ಇಳಿಯದಿದ್ದರೆ ನಾಳ ತೆರೆದಿಲ್ಲ, ಕೂಡಲೇ ಆಂಜಿಯೋಪ್ಲಾಸ್ಟಿ ಬೇಕು. ಇಳಿದಿದ್ದರೂ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕಾದ್ದರಿಂದ ಎಲ್ಲರನ್ನೂ ಕಳಿಸಲೇಬೇಕು, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಇರುವ ಆಂಬುಲೆನ್ಸ್‌ನಲ್ಲಿ, ಜೊತೆಗೆ ಅದನ್ನು ಬಳಸಬಲ್ಲ ಒಬ್ಬರೊಂದಿಗೆ. ಮನೆಯವರು ಬಿಪಿಎಲ್ ಕಾರ್ಡು, ಆಧಾರ್ ಮರೆಯದೆ ಒಯ್ಯಲಿ.

ಕುಸಿದು ಬಿದ್ದವರ ವಿಷಯ ಬೇರೆ. ಕರೆದರೆ ಮಾತಿಲ್ಲ, ಉಸಿರಿಲ್ಲ ಅಥವಾ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುತ್ತಿದ್ದಾರೆ ಎಂದರೆ ಹೃದಯ ನಿಂತಿದೆ. ಆ ಬಾಯಿ ಬಿಡುವುದನ್ನು ಉಸಿರೆಂದು ತಿಳಿದು ನೀರು ಚಿಮುಕಿಸುತ್ತಾ ಕೂರುವುದರಲ್ಲೇ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಎದೆಮೂಳೆಯ ಕೆಳ ಅರ್ಧಕ್ಕೆ ಅಂಗೈ ಊರಿ, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಇನ್ನೊಬ್ಬರು ಕೈಜೋಡಿಸಬೇಕು. ಕೋಲಾರ ಬಸ್ ನಿಲ್ದಾಣ, ಟೊಮೆಟೊ ಮಂಡಿ, ನರಸಾಪುರ ಮತ್ತು ವೇಮಗಲ್ ಕಾರ್ಖಾನೆಗಳು, ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿಯುವ ಪ್ಲಾಟ್‌ಫಾರಂ, ಇಲ್ಲೆಲ್ಲ ಎಇಡಿ, ಅಂದರೆ ಸಾಮಾನ್ಯರೂ ಬಳಸಬಲ್ಲ ಡಿಫಿಬ್ರಿಲೇಟರ್ ಯಂತ್ರ ಬೇಕು. ಗೋಡೆಗೆ ನೇತುಹಾಕಿ ಮರೆಯುವುದಾದರೆ ಬೇಡ. ಪ್ಯಾಡ್‌ಗೂ ಬ್ಯಾಟರಿಗೂ ಮುಗಿಯುವ ದಿನಾಂಕವಿದೆ, ಅದನ್ನು ನೋಡುವ ಹೊಣೆ ಒಬ್ಬರ ಹೆಸರಿಗಿರಬೇಕು.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ ಊರೂರಲ್ಲಿ ಜನ ಬೆದರಿದರು. ಜಯದೇವದ ಮುಂದೆ ಸಾಲುಗಟ್ಟಿದರು. ಕೋವಿಡ್ ಲಸಿಕೆಯ ಮೇಲೆ ಅನುಮಾನ ಬಂತು, ತಜ್ಞರ ಸಮಿತಿಗೆ ಅಂಥ ನಂಟು ಕಾಣಲಿಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟಕ್ಕೆ ಒಂಬತ್ತು ಕಾರಣಗಳನ್ನು ತೋರಿಸಿತ್ತು: ಹೊಗೆಸೊಪ್ಪು, ಕೆಟ್ಟ ಕೊಲೆಸ್ಟ್ರಾಲ್, ಬಿ.ಪಿ., ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ಇಲ್ಲದ ಊಟ, ಮೈಯಾಡಿಸದಿರುವುದು, ಮದ್ಯದ ವಿಚಾರ. ನಮ್ಮ ಭಾಗದ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆಯೇ ಆಗುತ್ತದೆ ಎಂದೂ ಅದರಲ್ಲೇ ಇದೆ.

ಇವುಗಳಲ್ಲಿ ಜಿಲ್ಲಾಡಳಿತದ ಕೈಗೆ ಸುಲಭಕ್ಕೆ ಸಿಗುವುದು ಬಿ.ಪಿ. ಮನೆಮನೆ ತಪಾಸಣೆಯ ಗೃಹ ಆರೋಗ್ಯ ಯೋಜನೆ ಪ್ರಾಯೋಗಿಕವಾಗಿ ಶುರುವಾದದ್ದು 2024ರಲ್ಲಿ ನಮ್ಮ ಕೋಲಾರದಲ್ಲೇ. ಆದರೆ ಮನೆಗೆ ಹೋದಾಗ ಗಂಡಸರು ಸಿಗುವುದಿಲ್ಲ, ಹೊಲದಲ್ಲೋ ಪಾಳಿಯಲ್ಲೋ ಇರುತ್ತಾರೆ. ಅವರು ದಿನಕ್ಕೆರಡು ಸಲ ತಪ್ಪದೆ ಬರುವ ಜಾಗ ಹಾಲಿನ ಡೈರಿ. ವಾರಕ್ಕೊಂದು ಸಂಜೆ ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಬಿ.ಪಿ. ಯಂತ್ರ ಇಡಿ. ಕ್ಯಾನು ಇಳಿಸಿ ಬಂದವರನ್ನು ಐದು ನಿಮಿಷ ಬೆನ್ನೊರಗಿಸಿ ಕೂರಿಸಬೇಕು. ಅರ್ಧ ಗಂಟೆ ಹಿಂದೆ ಕಾಫಿ, ಬೀಡಿ ಆಗಿರಬಾರದು. ಪಾದ ನೆಲಕ್ಕೂರಿ, ತೋಳು ಹೃದಯದ ಮಟ್ಟಕ್ಕೆ ಮೇಜಿನ ಮೇಲೆ, ಪಟ್ಟಿ ಅಂಗಿಯ ತೋಳಿನ ಮೇಲಲ್ಲ, ಬರಿಮೈ ಮೇಲೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ನೋಡಿ ಖಚಿತ ಮಾಡಿಕೊಳ್ಳಬೇಕು, 180/110 ಮುಟ್ಟಿದ್ದರೆ ಅವತ್ತೇ ವೈದ್ಯರ ಬಳಿ ಕಳಿಸಬೇಕು. ಬಿ.ಪಿ. ಹತೋಟಿ ತಪ್ಪುವುದು ಪತ್ತೆಯಾಗದೆ ಮಾತ್ರವಲ್ಲ. ಮಾತ್ರೆಗೆ ಇಳಿಯಿತೆಂದು ಮಾತ್ರೆ ಬಿಟ್ಟವರು, ಆರೋಗ್ಯ ಕೇಂದ್ರದಲ್ಲಿ ಈ ತಿಂಗಳು ಬಿ.ಪಿ.ಯ ಅಮ್ಲೋಡಿಪಿನ್ ಮಾತ್ರೆ ಇಲ್ಲವೆಂದು ಬಿಟ್ಟವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಮೂರು ತಿಂಗಳ ದಾಸ್ತಾನಿಲ್ಲದ ಕೇಂದ್ರಕ್ಕೆ ತಪಾಸಣೆಯ ಗುರಿ ಕೊಟ್ಟು ಪ್ರಯೋಜನವಿಲ್ಲ.

ಉಪ್ಪಿನ ಲೆಕ್ಕ ಸುಲಭ. ತಲೆಗೆ ದಿನಕ್ಕೆ 5 ಗ್ರಾಂ ಮೀರಬಾರದು ಎಂದರೆ ನಾಲ್ವರ ಮನೆಯಲ್ಲಿ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ತಿಂಗಳಿಗೇ ಮುಗಿಯುತ್ತಿದ್ದರೆ ಉಪ್ಪು ಮಿತಿ ಮೀರಿದೆ, ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದ ಉಪ್ಪಿನ ಲೆಕ್ಕ ಅದರ ಮೇಲೆ. ಮುದ್ದೆ, ಬಸ್ಸಾರು, ಹುರುಳಿ, ಸೊಪ್ಪು ಎಲ್ಲ ಒಳ್ಳೆಯದೇ, ಉಪ್ಪುಸಾರಿಗೆ ಮಾತ್ರ ಕೈ ಹಿಡಿತವಿರಲಿ. ಬೀಡಿ ಕಡಿಮೆ ಮಾಡಿದ್ದೇನೆ ಎಂಬುದಕ್ಕೆ ಹೃದಯದ ಲೆಕ್ಕದಲ್ಲಿ ಬೆಲೆ ತೀರಾ ಕಡಿಮೆ. ದಿನಕ್ಕೆ ಒಂದೇ ಸೇದಿದರೂ ಅಪಾಯದ ದೊಡ್ಡ ಪಾಲು ಉಳಿದೇ ಇರುತ್ತದೆ.

ತಮ್ಮಲ್ಲಿ ಕೇಳುವುದು ಹೀಗೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಎದೆನೋವಿಗೊಂದು ಪ್ರತ್ಯೇಕ ರಿಜಿಸ್ಟರ್ ಇಡಿಸಿ. ನೋವು ಶುರುವಾದ ಹೊತ್ತು, ಬಾಗಿಲಿಗೆ ಬಂದ ಹೊತ್ತು, ಇಸಿಜಿ ಹೊತ್ತು, ಇಂಜೆಕ್ಷನ್ ಹೊತ್ತು ಎಂದು ನಾಲ್ಕೇ ಕಲಂ ಸಾಕು. ಇಂಜೆಕ್ಷನ್ ಕೊಡದೆ ಕಳಿಸಿದ್ದರೆ ಕಾರಣ ಒಂದು ಸಾಲು. ರಾತ್ರಿಯೂ ಇಸಿಜಿ ಸಿಗುವ ಆಸ್ಪತ್ರೆಗಳ ಹೆಸರನ್ನು ಪ್ರತಿ ಹಾಲಿನ ಡೈರಿ, ಮೆಡಿಕಲ್ ಸ್ಟೋರ್, ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ನಿಜಕ್ಕೂ ಸಿಗುವ ಕಡೆಯ ಹೆಸರು ಮಾತ್ರ ಇರಲಿ. ಮೆಡಿಕಲ್ ಸ್ಟೋರಿನವರನ್ನು ಕರೆಸಿ ಅರ್ಧ ದಿನದ ತರಬೇತಿ ಕೊಡಿಸಿ, ಮೂವತ್ತು ದಾಟಿದವರು ಬೆವರುತ್ತಾ ಗ್ಯಾಸ್ ಮಾತ್ರೆ ಕೇಳಿದರೆ ಮಾರದೆ ಇಸಿಜಿಗೆ ಕಳಿಸುವಂತೆ. ಆ ರಿಜಿಸ್ಟರಿನ ಸರಾಸರಿಯನ್ನು ಮುಂದಿನ ಜಿಲ್ಲಾ ಪಂಚಾಯಿತಿ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ತಾಲ್ಲೂಕುವಾರು ಓದಿಸಿ. ಹೆಚ್ಚು ತಡವಾದ ತಾಲ್ಲೂಕಿಗೆ ನೋಟಿಸ್ ಕೊಡುವ ಮುನ್ನ ಅಲ್ಲಿ ರಾತ್ರಿ ಪಾಳಿಗೆ ಎಷ್ಟು ಜನರಿದ್ದಾರೆ, ಪೇಪರ್ ರೋಲ್ ಇದೆಯೇ ಎಂದು ಕೇಳಿ.

ಇಂತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯಲ್ಲಿ ಹೃದ್ರೋಗ ಹಾಗೂ ತುರ್ತು ಚಿಕಿತ್ಸೆಯ ಕೆಲಸದಲ್ಲಿರುವ ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ಇಸಿಜಿ ಟೆಕ್ನೀಷಿಯನ್ನರು